ದೊರೆಸಾನಿಯ ಮೂಗು

ಬಾಗಲವಾಡದ ಹಾಲಿನ ಡೇರಿಯ ಕಟ್ಟೆಯ ಮೇಲೆ ಕೂತು ಈ ಕತೆಯನ್ನು ಹೇಳುವ ಹೆಂಗಸರು ಎಲ್ಲದರಲ್ಲೂ ಒಂದಾಗುತ್ತಾರೆ, ಸೀರೆಯ ಬಣ್ಣವೊಂದನ್ನು ಬಿಟ್ಟು. ಮುನವ್ವರ್ ಬೀ ಅದು ಗಿಳಿಹಸಿರು ಎನ್ನುತ್ತಾಳೆ. ಮಾನಮ್ಮ ಸೆಗಣಿ ಬಣ್ಣದ್ದೆಂದು ಆಣೆ ಮಾಡಿ ಹೇಳುತ್ತಾಳೆ. ಸೀರೆ ಚಂದ್ರಕಲಾಳದು, ಎಮ್ಮೆಯ ಹೆಸರು ದೊರೆಸಾನಿ, ಆ ವಾರವೆಲ್ಲ ಆ ಮನೆಯಲ್ಲಿ ಯಾರೊಬ್ಬರೂ ನೆಮ್ಮದಿಯಿಂದ ಚಹಾ ಕುಡಿಯಲಿಲ್ಲ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ.

ದೊರೆಸಾನಿಯನ್ನು ಚಂದ್ರಕಲಾ ತನ್ನ ತವರೂರಾದ ಜಾಲಹಳ್ಳಿಯಿಂದ, ಮದುವೆಯಾದ ವರ್ಷವೇ, ಕರುವಾಗಿ ತಂದಿದ್ದಳು. ದೇವದುರ್ಗ ದಾಟುವವರೆಗೂ ಟೆಂಪೋದ ಹಿಂಬದಿಯಲ್ಲಿ ಕರು ಅವಳ ಮಡಿಲಿನಲ್ಲಿ ತಲೆಯಿಟ್ಟು ಮಲಗಿತ್ತು. ಹನ್ನೊಂದು ವರ್ಷ ಕಳೆದರೂ ಆ ಮಡಿಲನ್ನು ಅದು ಮರೆತಿರಲಿಲ್ಲ. ಚಂದ್ರಕಲಾಳನ್ನು ಬಿಟ್ಟು ಬೇರೆ ಯಾರು ಕೆಚ್ಚಲಿಗೆ ಕೈ ಹಚ್ಚಿದರೂ ಹಾಲು ಇಳಿಸುತ್ತಿರಲಿಲ್ಲ. ಕರು ಬಿಟ್ಟು ನೋಡಿದರು, ಗೋದಲಿಯ ತುಂಬ ಹತ್ತಿಕಾಳಿನ ಹಿಂಡಿ ಇಟ್ಟು ನೋಡಿದರು. ಹಿಂಡಿ ಖಾಲಿಯಾಗುತ್ತಿತ್ತು, ಹಿಂಗಾಲು ಏಳುತ್ತಿತ್ತು, ಚರಿಗೆ ಅಂಗಳದ ತುಂಬ ಉರುಳುತ್ತಿತ್ತು. ಈ ಕಾರಣಕ್ಕೇ ಚಂದ್ರಕಲಾ ಒಡಹುಟ್ಟಿದ ತಂಗಿಯ ಮದುವೆಗೆ ಬೆಳಗಿನ ಬಸ್ಸಿಗೆ ಹೋಗಿ, ಅಕ್ಕಿಕಾಳು ಹಾಕಿ, ಊಟದ ಪಂಕ್ತಿಗೆ ಕೂರದೆ, ಸಂಜೆಯೊಳಗೆ ಮರಳಿದ್ದಳು. ಈ ಕಾರಣಕ್ಕೇ, ಎಲ್ಲರೂ ನಂಬಿದ್ದ ಪ್ರಕಾರ, ರಾಯಚೂರಿನ ತರಬೇತಿ ಎರಡು ಸಲ ಅವಳ ಕೈತಪ್ಪಿತ್ತು.

ತರಬೇತಿ ಪಶುಸಖಿಯರದು. ಊರಿನ ಆಡು ಕುರಿಗಳಿಗೆ ಜಂತಿನ ಔಷಧಿ ಕುಡಿಸುವುದು, ಲಸಿಕೆಯ ದಿನ ತಪ್ಪದಂತೆ ನೋಡುವುದು, ರೋಗ ಹಬ್ಬುವ ಮೊದಲೇ ಡಾಕ್ಟರಿಗೆ ತಿಳಿಸುವುದು ಆ ಕೆಲಸ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ ಕುರಿ ಕಾಯುವ ಮನೆಗೇ ಸೊಸೆಯಾದ ಚಂದ್ರಕಲಾ, ಕುರಿಯ ಬಾಯಿ ಮೂಸಿ ಅದು ಏನು ತಿಂದು ಕೆಟ್ಟಿದೆಯೆಂದು ಹೇಳಬಲ್ಲವಳು. ಆ ಕೆಲಸ ಅವಳಿಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಯಾರಾದರೂ ಕೇಳಿದರೆ ಬೇಕಿಲ್ಲ ಎನ್ನುವಷ್ಟು.

ಮಹಿಳಾ ಸಂಘದ ಸುನಂದಾ ಮಂಗಳವಾರ ಬಂದವಳು ಹೊಸ್ತಿಲಲ್ಲೇ ನಿಂತು ಹೇಳಿದಳು: "ಸೋಮವಾರ ರಾಯಚೂರಾಗ ಚಾಲೂ. ಆರು ದಿನ ಅಲ್ಲೇ ಇರಬೇಕು. ಎರಡು ಸಲ ನಿನ್ನ ಹೆಸರು ಬರದು ಎರಡು ಸಲ ಹೊಡದು ಹಾಕೀನಿ. ಈ ಸಲ ಬರಲಿಲ್ಲಂದ್ರ ಪೋತ್ನಾಳದ ಭಾಗ್ಯಜ್ಯೋತಿಗಿ ಹೋಗ್ತದ. ಆಮ್ಯಾಲ ನನ್ನ ಮುಂದ ಅಳಬ್ಯಾಡ."

"ಎಮ್ಮಿ ಅದಲ್ಲಕ್ಕ."

"ಎಮ್ಮಿ ಎಲ್ಲಾರ ಮನ್ಯಾಗೂ ಅದ. ಅವರೆಲ್ಲ ಬರಾಕತ್ತಾರಲ್ಲ."

ಉಪಾಯ ಹೇಳಿದವಳು ಅತ್ತೆ ಕರೆಮ್ಮ. ಹಿಂಡುವವಳ ಸೀರೆಯನ್ನು ಬೇರೆಯವರು ಉಟ್ಟು ಎಮ್ಮೆಯನ್ನು ನಂಬಿಸುವುದು ಆ ಸೀಮೆಯಲ್ಲಿ ಹೊಸದಲ್ಲ. "ನಮ್ಮತ್ತಿ ಹೋದಾಗ ನಾನೂ ಆಕಿ ಸೀರಿ ಉಟ್ಟು ಹಿಂಡೀನಿ," ಎಂದಳು ಕರೆಮ್ಮ. ಚಂದ್ರಕಲಾ ದಿನವೂ ಕೊಟ್ಟಿಗೆಯಲ್ಲಿ ಉಡುವ ಸೀರೆಯನ್ನು ಸೋಪಿನ ಪುಡಿಯಲ್ಲಿ ನೆನೆಸಿ, ಕಲ್ಲಿಗೆ ಒಗೆದು, ಒಣಗಿಸಿ, ಮಡಚಿ ಕೊಟ್ಟಳು. ಕರೆಮ್ಮ ಉಟ್ಟು ಕೂತಳು. ದೊರೆಸಾನಿ ಮೂಗು ಅಗಲಿಸಿ ಸೆರಗನ್ನು ಒಮ್ಮೆ ಮೂಸಿತು. ಆಮೇಲೆ ಚರಿಗೆ ಒಂದು ಕಡೆ, ಕರೆಮ್ಮ ಒಂದು ಕಡೆ.

ಗುರುವಾರ ಮೈದುನ ಕನಕರಾಯನ ಸರದಿ. ಮಾನ್ವಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು ಅವನು. ಪ್ಯಾಂಟಿನ ಮೇಲೆಯೇ ಸೀರೆ ಸುತ್ತಿಕೊಂಡ.

"ಯಕ್ಕಾ, ಸೆರಗು ತಲಿಮ್ಯಾಲ ಹೊಚ್ಚಿಕೊಳ್ಳೇನು?"

"ಹೊಚ್ಚಿಕೋ. ಮಾರಿ ಕಾಣಬಾರದು. ಮೊದಲ ಕೆಚ್ಚಲಕ್ಕ ಬಿಸಿನೀರು ಹಾಕು. ಬಿಸಿನೀರಂದ್ರ ಕುದಿಯೋ ನೀರಲ್ಲ. ಆ ಕಡಿ ಅಲ್ಲ, ಈ ಕಡಿ ಕೂಡು. ಉಸರು ಬಿಗಿ ಹಿಡಿಬ್ಯಾಡ, ಅದಕ್ಕ ಗೊತ್ತಾಗ್ತದ."

ಪಕ್ಕದ ಮನೆಯ ಮುನವ್ವರ್ ಬೀ ಚಹಾದ ಹಾಲಿಗೆಂದು ಪಾತ್ರೆ ಹಿಡಿದು ಗೋಡೆಯಾಚೆ ನಿಂತಿದ್ದಳು. "ಕನಕರಾಯ, ಚಂದ ಕಾಣಾಕತ್ತೀಯಪ್ಪ. ಪೋತ್ನಾಳದಾಗ ವರ ನೋಡಲೇನು?"

"ನೋಡ್ರಿ ಬೀ. ಎಮ್ಮಿ ಇಲ್ಲದ ಮನಿ ನೋಡ್ರಿ."

ದೊರೆಸಾನಿ ಬಾಲ ಬೀಸಿತು. ಸೆಗಣಿ ಹತ್ತಿದ ಬಾಲ ಕನಕರಾಯನ ಕೆನ್ನೆಯ ಮೇಲೆ ಕಿವಿಯಿಂದ ಗದ್ದದವರೆಗೆ ಒಂದು ಗೆರೆ ಎಳೆಯಿತು. ಅವನು ಸೀರೆ ಬಿಚ್ಚಿ ಎಸೆದು ಮಾನ್ವಿಯ ಬಸ್ಸಿಗೆ ಹೋದವನು ಎರಡು ದಿನ ಮನೆಗೆ ಬರಲಿಲ್ಲ. ಚಂದ್ರಕಲಾ ಆ ಸೀರೆಯನ್ನು ಎತ್ತಿಕೊಂಡು ಹೋಗಿ ಮತ್ತೆ ಒಗೆದಳು.

ಉಳಿದವನು ಗಂಡ ಅಮೋಘಸಿದ್ದ. ಶುಕ್ರವಾರ ಊಟಕ್ಕೆ ಕೂತಾಗ ಅವಳು ಮಾತು ತೆಗೆಯುವ ಮೊದಲೇ ಅವನು ತಟ್ಟೆ ಸರಿಸಿದ.

"ಹೇಳಬ್ಯಾಡ. ನಾ ಕುರಿ ಕಾಯೋ ಮನಷಾ. ಸೀರಿ ಉಟ್ಟು ನಿಂತರ ನನ್ನ ಕುರಿನ ನನ್ನ ಹಿಂದ ಬರಂಗಿಲ್ಲ."

"ಕುರಿ ಮುಂದ ಯಾರು ಉಡು ಅಂದರು? ಎಮ್ಮಿ ಮುಂದ ಉಡ್ರಿ."

"ಎಮ್ಮಿ ಮುಂದ ಉಟ್ಟರ ಊರ ಮುಂದ ಉಟ್ಟಂಗ. ಗೋಡಿ ಮ್ಯಾಲ ಮುನವ್ವರ್ ಬೀ ಮಾರಿ ಇಟ್ಟಿರ್ತಾಳ."

"ಬಿಡ್ರಿ ಹಂಗಾದ್ರ. ನಾನ ಹೋಗಂಗಿಲ್ಲ. ನೀವು, ನಿಮ್ಮ ಕುರಿ, ಆ ಎಮ್ಮಿ, ಎಲ್ಲಾರೂ ಸುಖವಾಗಿರ್ರಿ."

ಹಾಗೆಂದು ಎದ್ದು ಬಂದವಳಿಗೆ ಎದೆಯೊಳಗೆ ಏನೋ ತಂಪಾದಂತೆ ಅನಿಸಿತು. ಹೋಗಂಗಿಲ್ಲ ಎಂಬ ಮಾತಿಗೇ ಆದ ತಂಪು ಅದು. ಅದು ಅವಳಿಗೆ ಎಳ್ಳಷ್ಟೂ ಹಿಡಿಸಲಿಲ್ಲ. ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತಿಕ್ಕಿದಳು.

ಶನಿವಾರ ಬೆಳಿಗ್ಗೆ ಹಾಲಿಗೆ ಬಂದ ಮುನವ್ವರ್ ಬೀ ಹಗ್ಗದ ಮೇಲೆ ಒಣಗುತ್ತಿದ್ದ ಸೀರೆಯ ಸೆರಗನ್ನು ಹಿಡಿದು ಮೂಗಿಗೆ ಒತ್ತಿಕೊಂಡಳು.

"ಇದಕ್ಕ ಯಾವ ಪುಡಿ ಹಾಕಿ ಒಗದೀ? ಮಲ್ಲಿಗಿ ಹೂವಿನ ವಾಸನಿ ಬರಾಕತ್ತದ."

"ಮತ್ತ? ನಾಕು ಮಂದಿ ನೋಡತಾರ. ಹೊಲಸು ಸೀರಿ ಕೊಡಲೇನು?"

"ಎಮ್ಮಿ ಬಣ್ಣ ನೋಡ್ತದೇನು ಹುಚ್ಚಿ? ಅದು ಮೂಸ್ತದ. ನಿನ್ನ ಮೈವಾಸನಿ ಎಲ್ಲಾ ತೊಳದು ತೆಗದು, ಬರೇ ಬಟ್ಟಿ ಕೊಟ್ಟರ ಅದು ಹೆಂಗ ನಂಬ್ತದ? ಕುರಿ ಬಾಯಿ ಮೂಸಿ ರೋಗ ಹೇಳಾಕಿ ನೀನು. ಇದು ನಿನಗ ಗೊತ್ತಿರಲಿಲ್ಲೇನು?"

ಚಂದ್ರಕಲಾ ಸೆರಗನ್ನು ಅವಳ ಕೈಯಿಂದ ಬಿಡಿಸಿಕೊಂಡಳು. ಪಾತ್ರೆಗೆ ಹಾಲು ಸುರಿದು ಒಳಗೆ ಹೋದಳು. ಗೊತ್ತಿರಲಿಲ್ಲವೆಂದು ಹೇಳುವ ಹಾಗಿರಲಿಲ್ಲ, ಗೊತ್ತಿತ್ತೆಂದು ಒಪ್ಪುವುದೂ ಸುಲಭವಿರಲಿಲ್ಲ.

ಸಂಗತಿ ಏನೆಂದರೆ, ಮೊದಲನೆಯ ಸಲ ಹೆಸರು ಬಂದಾಗ ಅವಳು ಹೋಗಿಯೇ ಇದ್ದಳು. ಬೆಳಗಿನ ಹಾಲು ಹಿಂಡಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ರಾಯಚೂರಿನ ಆ ಸಭಾಂಗಣದಲ್ಲಿ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಪಕ್ಕದ ಕುರ್ಚಿಯ ಹೆಂಗಸು ಸೆರಗನ್ನು ಮೂಗಿಗೆ ಅಡ್ಡ ಹಿಡಿದು, ಆಚೆಯವಳಿಗೆ, "ಯಾರೋ ದನದ ಮನಿಯಿಂದ ಹಂಗ ಎದ್ದು ಬಂದಾರ ನೋಡು," ಎಂದು ಪಿಸುಗುಟ್ಟಿ ಕುರ್ಚಿ ಸರಿಸಿದ್ದಳು. ಚಂದ್ರಕಲಾ ಮಧ್ಯಾಹ್ನದ ಬಸ್ಸಿಗೆ ಮರಳಿದಳು. ಯಾಕೆಂದು ಕೇಳಿದವರಿಗೆ ಎಮ್ಮೆ ಹಾಲು ಇಳಿಸುವುದಿಲ್ಲ ಎಂದಳು. ಎರಡನೆಯ ಸಲ ಹೊರಡಲೇ ಇಲ್ಲ, ಆಗಲೂ ಅದನ್ನೇ ಹೇಳಿದಳು. ಅಂದಿನಿಂದ ದಿನಕ್ಕೆರಡು ಸ್ನಾನ, ಸೀರೆಗೆ ಎರಡು ಪಾಲು ಸೋಪು. ಎಮ್ಮೆಗೆ ಬಾಯಿಲ್ಲ. ಹೊರಿಸಿದ್ದನ್ನೆಲ್ಲ ಹೊತ್ತುಕೊಂಡು ನಿಂತಿತ್ತು.

ಮೂವರಿಗೆ ಬೈದು, ಒಬ್ಬನನ್ನು ಊರು ಬಿಡಿಸಿ, ಕಡೆಗೆ ಬೈಸಿಕೊಳ್ಳಬೇಕಾದವಳು ತಾನೇ ಎಂದು ತಿಳಿದಾಗ ಚಂದ್ರಕಲಾಳಿಗೆ ಬಂದ ಸಿಟ್ಟು ಸಣ್ಣದಲ್ಲ. ಆ ಸಿಟ್ಟಿನಲ್ಲಿಯೇ ಹಗ್ಗದ ಮೇಲಿನ ಸೀರೆ ಎಳೆದು ಉಟ್ಟಳು. ಅದರಲ್ಲಿಯೇ ಸೆಗಣಿ ಬಳಿದಳು, ಹಿಂಡಿ ಕಲಸಿದಳು, ದೊರೆಸಾನಿಯ ಮೈ ತಿಕ್ಕಿದಳು, ಎರಡೂ ಹೊತ್ತು ಹಾಲು ಹಿಂಡಿದಳು, ಅದರಲ್ಲಿಯೇ ಮಲಗಿದಳು. ಭಾನುವಾರವೂ ಹಾಗೆಯೇ. ಸ್ನಾನವನ್ನೂ ಮಾಡಲಿಲ್ಲ.

"ಥೂ, ಬಿಚ್ಚಿ ಒಗೀಬೇ," ಎಂದಳು ಕರೆಮ್ಮ. "ಮಂದಿ ಏನಂದಾರು?"

"ಏನಂತಾರಂತ ಎರಡು ವರ್ಷದ ಹಿಂದನ ಕೇಳಿ ಬಂದೀನತ್ತಿ. ಹೊಸಾದೇನು ಅನ್ನಂಗಿಲ್ಲ."

ಸೋಮವಾರ ಬೆಳಿಗ್ಗೆ ಬೇರೆ ಸೀರೆ ಉಟ್ಟು ಚೀಲ ಹಿಡಿದು ನಿಂತವಳು ಗಂಡನಿಗೆ ಗೋಡೆಯ ಮೊಳೆ ತೋರಿಸಿದಳು.

"ಸೀರಿ ಅಲ್ಲದ. ಉಟ್ಟರ ಹಾಲು, ಉಡಲಿಲ್ಲಂದ್ರ ಕರಿ ಚಹಾ. ನಾ ಹೊಂಟೀನಿ."

ಅಮೋಘಸಿದ್ದ ಸೀರೆಯನ್ನೂ ನೋಡಿದ, ಅವ್ವನನ್ನೂ ನೋಡಿದ. ಅವನು ಕರಿ ಚಹಾ ಕುಡಿಯುವವನಲ್ಲ.

ಬಸ್ ನಿಲ್ದಾಣ ಮುಟ್ಟಿದ ಮೇಲೆ ಆಧಾರ್ ಕಾರ್ಡಿನ ಜೆರಾಕ್ಸ್ ಮನೆಯಲ್ಲೇ ಉಳಿದದ್ದು ನೆನಪಾಗಿ ಚಂದ್ರಕಲಾ ತಿರುಗಿ ಬಂದಳು. ಕೊಟ್ಟಿಗೆಯ ಗೋಡೆಯಾಚೆ ಹಾಲಿನ ಧಾರೆ ಚರಿಗೆಗೆ ಬೀಳುವ ಸದ್ದು ಕೇಳಿ ನಿಂತಳು. ಇಣುಕಿದಳು. ಗಂಡ ರುಮಾಲು ತೆಗೆದಿಟ್ಟು, ಧೋತರದ ಮೇಲೆ ಆ ಸೀರೆ ಸುತ್ತಿ, ಮೀಸೆ ಮುಚ್ಚುವ ಹಾಗೆ ಸೆರಗು ಹೊದ್ದು ಕೂತಿದ್ದ. ದೊರೆಸಾನಿ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು. ಕಾಲು ಎತ್ತಿರಲಿಲ್ಲ. ಚಂದ್ರಕಲಾಳಿಗಾಗಿ ಅದರ ಕಣ್ಣು ಹುಡುಕುತ್ತಲೂ ಇರಲಿಲ್ಲ.

ಸಂತೋಷವಾಗಬೇಕಿತ್ತು. ಆದರೆ ತಂಗಿಯ ಮದುವೆಯಲ್ಲಿ ಉಣ್ಣದೆ ಬಿಟ್ಟ ಹೋಳಿಗೆ ಊಟ ಅವಳಿಗೆ ನೆನಪಾಯಿತು.

"ಬೇಮಾನಿ," ಎಂದು ಎಮ್ಮೆಗೆ ತನ್ನಷ್ಟಕ್ಕೆ ಬೈದಳು. ಸದ್ದಾಗದಂತೆ ಒಳಗೆ ಹೋಗಿ ಜೆರಾಕ್ಸ್ ತೆಗೆದುಕೊಂಡು ಬಸ್ಸು ಹತ್ತಿದಳು.

ರಾಯಚೂರಿನಲ್ಲಿ ಒಂದು ಕೋಣೆಗೆ ನಾಲ್ವರು. ಚೀಲ ಬಿಚ್ಚುವಷ್ಟರಲ್ಲಿ ಕಿಟಕಿಯ ಬಳಿಯ ಮಂಚದವಳು, ದೇವದುರ್ಗದ ಕಡೆಯ ಗದ್ದೆಮ್ಮ, ಮೂಗೇರಿಸಿದಳು. "ಎಮ್ಮಿ ವಾಸನಿ ಎಲ್ಲಿಂದ ಬರಾಕತ್ತದ್ರಿ?"

ಚಂದ್ರಕಲಾಳ ಕೈ ಚೀಲದ ಮೇಲೆ ನಿಂತಿತು. ಬಾಗಿಲು ತೆರೆದೇ ಇತ್ತು, ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತಿತ್ತು. ಈ ಸಲ ಹೇಳಲು ಎಮ್ಮೆಯ ನೆಪವೂ ಇರಲಿಲ್ಲ.

"ನನ್ನಿಂದ್ರಿ," ಎಂದಳು. "ಎಮ್ಮಿ ಹಿಂಡಾಕಿ ನಾನು. ಆರು ದಿನ ಬರ್ತದ. ಕಿಟಕಿ ತೆಗೀರಿ, ಇಲ್ಲಾ ರೂಢಿ ಮಾಡ್ಕೋರಿ."

ಗದ್ದೆಮ್ಮ ಕಿಟಕಿ ತೆಗೆದಳು. ಮಂಚದ ಮೇಲೆ ಕೂತು ಕೇಳಿದಳು: "ನಿಮ್ಮದು ಒದೀತದೇನ್ರಿ? ನಮ್ಮದು ಬಾಳ ಒದೀತದ."

ಆರು ದಿನ ಮುಗಿಸಿ, ಔಷಧಿಯ ಚೀಲ ಹೆಗಲಿಗೆ ಹಾಕಿಕೊಂಡು ಚಂದ್ರಕಲಾ ಮನೆಗೆ ಬಂದಾಗ ಸಂಜೆಯ ಹಾಲಿನ ಹೊತ್ತು. ಕೈಕಾಲು ತೊಳೆದು ನೇರವಾಗಿ ಕೊಟ್ಟಿಗೆಗೆ ಹೋಗಿ ಕೂತಳು. ದೊರೆಸಾನಿ ಮೂಗು ಅಗಲಿಸಿ ಅವಳನ್ನು ಮೂಸಿತು. ಫಿನಾಯಿಲು, ಸ್ಪಿರಿಟ್ಟು, ಪರವೂರಿನ ಸೋಪು. ಹಿಂಗಾಲು ಎದ್ದಿತು, ಚರಿಗೆ ಉರುಳಿತು.

ಅಮೋಘಸಿದ್ದ ಮೊಳೆಯ ಮೇಲಿನ ಸೀರೆ ತೆಗೆದುಕೊಂಡು ಬಂದ. ಆರು ದಿನದಲ್ಲಿ ಆ ಸೀರೆಯ ಬಣ್ಣ ಹೆಸರಿಡುವಂತೆ ಉಳಿದಿರಲಿಲ್ಲ. ಯಾರೂ ಹೇಳದೆಯೇ ಸುತ್ತಿಕೊಂಡು ಸೆರಗು ಹೊದ್ದ.

"ನೀ ಹೊರಗ ನಡಿ," ಎಂದ. "ನೀ ಇಲ್ಲಿ ನಿಂತರ ಅದು ಇಳಿಸಂಗಿಲ್ಲ."

ಇಷ್ಟು ವರ್ಷ ತಾನು ಎಲ್ಲರಿಗೂ ಹೇಳಿದ ಮಾತನ್ನು ತನಗೇ ಹೇಳಿದ ಗಂಡನನ್ನೂ, ಅವನ ಮಗ್ಗುಲಿಗೆ ನೆಮ್ಮದಿಯಿಂದ ನಿಂತ ಎಮ್ಮೆಯನ್ನೂ ಚಂದ್ರಕಲಾ ಒಂದು ಗಳಿಗೆ ದಿಟ್ಟಿಸಿದಳು. ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲ ಬಳಿ ಡೇರಿಕಟ್ಟೆಯ ಮಾನಮ್ಮ ಮೇವು ಬಿಟ್ಟ ಆಡೊಂದನ್ನು ಹೆಗಲ ಮೇಲೆ ಹೊತ್ತು ಬಂದು ನಿಂತಳು. ಕಣ್ಣು ಆಡಿನ ಮೇಲಿರದೆ ಸೀರೆ ಉಟ್ಟ ಅಮೋಘಸಿದ್ದನ ಮೇಲಿತ್ತು.

"ಅದೇನು ನೋಡ್ತೀಬೇ," ಎಂದಳು ಚಂದ್ರಕಲಾ. ಚೀಲ ಎತ್ತಿಕೊಂಡು ಹೊರಗೆ ಬಂದು, ಆಡಿನ ಬಾಯಿ ಬಿಡಿಸಿ, ಮೂಗು ಹತ್ತಿರ ಒಯ್ದಳು.