ಮೊದಲು ನೀರು ಕೇಳು

ಪಾಠದಲ್ಲಿ ಸುಬ್ಬಿಯ ಮಾತು ತರಬೇಕೆಂದು ನಾನು ಯೋಚಿಸಿರಲಿಲ್ಲ. ಕಾರವಾರದ ನಮ್ಮ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷಕ್ಕೆ ರಾಜಕೀಯ ಸಂವಹನ ಮತ್ತು ಸಾರ್ವಜನಿಕ ರಾಜತಂತ್ರ ಎಂಬ ಪತ್ರಿಕೆಯನ್ನು ನಾನು ಕಲಿಸುತ್ತೇನೆ. ತರಗತಿಯಲ್ಲಿ ಹನ್ನೊಂದು ಮಕ್ಕಳು. ಒಂದು ದೇಶ ಇನ್ನೊಂದು ದೇಶದ ಸರ್ಕಾರದ ಜೊತೆಗಲ್ಲದೆ ಅಲ್ಲಿನ ಜನರ ಜೊತೆಗೂ ಹೇಗೆ ಮಾತಾಡುತ್ತದೆ ಎಂದು ಅರ್ಧ ಗಂಟೆ ವಿವರಿಸಿದ್ದೆ. ರೇಡಿಯೊ, ವಿದ್ಯಾರ್ಥಿವೇತನ, ನೃತ್ಯ ತಂಡ ಎಲ್ಲ ಹೇಳಿದ್ದಾಗಿತ್ತು. ಮಕ್ಕಳು ಬರೆದುಕೊಳ್ಳುತ್ತಿದ್ದರು, ಆದರೆ ಒಬ್ಬರ ಮುಖದಲ್ಲೂ ಏನೂ ಇರಲಿಲ್ಲ. ಆಗ ಸುಬ್ಬಿ ಬಾಯಿಗೆ ಬಂದಳು.

ನಾನು ಚಿಕ್ಕವಳಿದ್ದಾಗ ಮಂಜಗುಣಿಯಲ್ಲಿ ಯಾರ ಮನೆಯ ಮದುವೆಯಾದರೂ ಕರೆಯಲು ಹೋಗುವವಳು ಸುಬ್ಬಿ. ಗದ್ದೆ ಕೆಲಸದವಳು, ಓದು ಬಾರದು. ಕುಂಕುಮದ ಬಟ್ಟಲು ಹಿಡಿಯಲು ಮದುವೆ ಮನೆಯವರು ಯಾರನ್ನಾದರೂ ಜೊತೆಗೆ ಕಳಿಸುತ್ತಿದ್ದರು, ಮಾತು ಮಾತ್ರ ಅವಳದು. ಬೇಸಿಗೆ ರಜೆಯಲ್ಲಿ ಆ ಬಟ್ಟಲಿಗಾಗಿ ನಾನೂ ನನ್ನ ಗೆಳತಿ ದಮಯಂತಿಯೂ ಜಗಳವಾಡುತ್ತಿದ್ದೆವು. ಕೊನೆಗೆ ಹೋಗುವಾಗ ಅವಳು, ಬರುವಾಗ ನಾನು. ಹೊಳೆಯ ದಂಡೆಯುದ್ದಕ್ಕೂ ಸುಬ್ಬಿ ಮುಂದೆ, ನಾವಿಬ್ಬರು ಹಿಂದೆ. ಅವಳ ಹಾಗೆ ಸೆರಗು ಸಿಕ್ಕಿಸಿ, ಅವಳ ಹಾಗೆ ಕೆಮ್ಮಿ ನಗುತ್ತಿದ್ದೆವು.

ಸುಬ್ಬಿಗೆ ಅವಳದೇ ಕಾನೂನುಗಳಿದ್ದವು. ಮನೆಯ ಹಿರಿಯ ಹೆಂಗಸಿಗೇ ಹೇಳಬೇಕು. ಅವಳ ಬಾಯಿಂದ 'ಬತ್ತೆ' ಎಂಬ ಮಾತು ಬೀಳುವವರೆಗೆ ಅಂಗಳ ಬಿಟ್ಟು ಹೊರಡಬಾರದು. ಮಾತು ಬಿಟ್ಟ ಮನೆಯಾದರೆ ಮದುವೆಯ ಸುದ್ದಿ ಎತ್ತುವ ಮೊದಲು ಕುಡಿಯಲು ನೀರು ಕೇಳಬೇಕು. "ಕೊಡೂಕೆ ಬಂದವ್ರ ಎದ್ರು ಜನ ಬಿಗೀತ್ರು ಮಕ್ಳೆ, ಬೇಡೂಕೆ ಬಂದವ್ರ ಎದ್ರು ಬಿಗಿಯೂಕಾಗೂದಿಲ್ಲ" ಎನ್ನುತ್ತಿದ್ದಳು.

ತರಗತಿ ಮೊದಲ ಸಲ ತಲೆಯೆತ್ತಿತು. "ನಿಮ್ಮ ಊರಲ್ಲೂ ಇಂಥವರು ಇದ್ದಿರಬೇಕು. ಹಿರಿಯರನ್ನು ಕೇಳಿ ರೆಕಾರ್ಡ್ ಮಾಡಿಕೊಂಡು ಬನ್ನಿ, ಅದೇ ಈ ಸಲದ ಅಸೈನ್‌ಮೆಂಟ್" ಎಂದೆ.

ಮುಂದಿನ ವಾರ ಬೆಳಂಬಾರದ ವಿದ್ಯಾ ಮೊದಲು ಎದ್ದಳು. "ನನ್ನ ದೊಡ್ಡಮ್ಮಂದು ಮೇಡಂ. ಅವ್ರ ತವರು ನಿಮ್ಮ ಮಂಜಗುಣಿನೇ" ಎಂದು ಮೊಬೈಲನ್ನು ಮೇಜಿನ ಮೇಲಿಟ್ಟಳು.

ಒಂದೇ ವಾಕ್ಯಕ್ಕೆ ದನಿಯ ಗುರುತು ಸಿಕ್ಕಿತು. ದಮಯಂತಿ. ದನಿ ಸ್ವಲ್ಪ ದಪ್ಪವಾಗಿತ್ತು, ಅಷ್ಟೆ. ಸುಬ್ಬಿಯ ಕೆಮ್ಮನ್ನು ಈಗಲೂ ನನಗಿಂತ ಚೆನ್ನಾಗಿ ಕೆಮ್ಮಿದಳು. ಮಕ್ಕಳು ನಕ್ಕರು. ಆಮೇಲೆ ಅವಳು ಹೇಳಿದಳು: "ನನ್ನ ಗೆಳತಿ ಒಂದಿತ್ತು. ಸುಬ್ಬಿ ಹಿಂದೆ ನನ್ನ ಸಂಗ್ತಿಗೇ ತಿರುಗಿದ್ದು. ಕಾರವಾರದಲ್ಲಿ ನೌಕ್ರಿ ಆಯ್ತು, ಮದ್ವೆ ಬಂತು. ನನಗೆ ಬಸ್ಸಿನ ಕಂಡಕ್ಟರ್ ಕೈಲಿ ಕಾರ್ಡ್ ಕಳಿಸ್ತು. ಈಗ ಬತ್ತದೆ, ಈಗ ಬತ್ತದೆ ಅಂದೇಳಿ ನಾ ಸೀರೆ ತೆಗ್ದಿಟ್ಟು ಎರಡು ದಿವ್ಸ ಕಾದೆ. ಬರ್ಲಿಲ್ಲ. ನಾನೂ ಹೋಗ್ಲಿಲ್ಲ."

ರೆಕಾರ್ಡ್ ಮುಗಿಯಿತು. "ಕಮ್ಯುನಿಕೇಶನ್ ಗ್ಯಾಪ್, ಮೇಡಂ" ಎಂದು ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ.

"ಗ್ಯಾಪಲ್ಲ ಮಾರಾಯ, ಸೊಕ್ಕು" ಎಂದಳು ನಾಗಶ್ರೀ. "ನೌಕ್ರಿ ಸಿಕ್ಕಿದ ಸೊಕ್ಕು."

ಎಲ್ಲರೂ ನನ್ನನ್ನು ನೋಡಿದರು. ನಾನು ಹಾಜರಿ ಪುಸ್ತಕ ಮುಚ್ಚಿ, "ಉಳಿದದ್ದು ನಾಳೆ" ಎಂದೆ.

ಮನೆಯಲ್ಲಿ ಮಗಳು ನೀತಾಳ ಮದುವೆಯ ಕಾರ್ಡುಗಳು ಕಟ್ಟುಕಟ್ಟಾಗಿ ಬಂದು ಬಿದ್ದಿದ್ದವು. ಅರ್ಧ ಜನರಿಗೆ ವಾಟ್ಸಾಪಿನಲ್ಲಿ ಕಳಿಸಿದರಾಯಿತು ಎಂದು ಎರಡು ಪಟ್ಟಿ ಮಾಡಿದವಳು ನಾನೇ. ದಮಯಂತಿಯ ಹೆಸರು ಎರಡರಲ್ಲಿ ಯಾವ ಪಟ್ಟಿಯಲ್ಲೂ ಇರಲಿಲ್ಲ.

ನನ್ನ ಮದುವೆಗೆ ಅವಳನ್ನು ಹೋಗಿ ಕರೆಯಲು ಪುರುಸೊತ್ತಿರಲಿಲ್ಲ ಎಂದು ಇಪ್ಪತ್ತಾರು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಅದು ಸುಳ್ಳು. ಪಿಯುಸಿಯಲ್ಲಿ ಅವಳ ಅಂಕ ನನಗಿಂತ ಹೆಚ್ಚು. ಅಪ್ಪ ತೀರಿಕೊಂಡ ವರ್ಷ ಅವಳು ಓದು ಬಿಟ್ಟಳು, ಬೆಳಂಬಾರಕ್ಕೆ ಮದುವೆಯಾಗಿ ಹೋದಳು. ಅವಳು ಓದಬೇಕಿದ್ದ ಪುಸ್ತಕಗಳನ್ನು ಓದಿ, ಅವಳು ನಿಲ್ಲಬೇಕಿದ್ದ ಜಾಗದಲ್ಲಿ ನಿಂತು, ಕುಂಕುಮದ ಬಟ್ಟಲು ಹಿಡಿದು ಅವಳ ಅಂಗಳಕ್ಕೆ ಹೋಗುವುದು ನನ್ನಿಂದ ಆಗಿರಲಿಲ್ಲ. ಸೊಕ್ಕೆಂದರೆ ಸೊಕ್ಕು, ಹೆದರಿಕೆಯೆಂದರೆ ಹೆದರಿಕೆ.

ಭಾನುವಾರ ಬೆಳಿಗ್ಗೆ ಅಂಕೋಲೆಯಲ್ಲಿ ಬಸ್ಸು ಬದಲಿಸಿ ಬೆಳಂಬಾರಕ್ಕೆ ಹೋದೆ. ಚೀಲದಲ್ಲಿ ಒಂದು ಕಾರ್ಡು, ಅಮ್ಮನ ಹಳೆಯ ಕುಂಕುಮದ ಬಟ್ಟಲು. ಅವಳು 'ಬತ್ತೆ' ಎನ್ನದಿದ್ದರೆ ಏನು ಮಾಡುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ಸುಬ್ಬಿ ಅದಕ್ಕೆ ಏನೂ ಹೇಳಿಕೊಟ್ಟಿರಲಿಲ್ಲ. ಅವಳು ಕರೆಯಲು ಹೋಗಿ ಬರಿಗೈಯಲ್ಲಿ ಬಂದದ್ದು ನಾನು ನೋಡಿರಲಿಲ್ಲ.

ದಮಯಂತಿ ಅಂಗಳದಲ್ಲಿ ಮುರುಗಲು ಹಣ್ಣು ಒಡೆದು ಸಿಪ್ಪೆ ಒಣಗಲು ಹರವುತ್ತಿದ್ದಳು. ಬೆರಳೆಲ್ಲ ಕೆಂಪು. ತಲೆಯೆತ್ತಿ ನೋಡಿದಳು. ಕೈ ಮಾತ್ರ ನಿಲ್ಲಿಸಲಿಲ್ಲ.

"ಯಾರು, ಮಂದಾಕಿನಿ ಬಾಯಿಯವ್ರಾ? ಇವತ್ತು ಕಂಡಕ್ಟರ್ ಸಿಗ್ಲಿಲ್ವಾ?"

"ಬಾಯಾರಿಕೆ ಆಯ್ತೆ ದಮಿ, ಸ್ವಲ್ಪ ನೀರು ಕೊಡೆ" ಎಂದೆ.

"ಆಹಾ! ಸುಬ್ಬಿ ಪಾಠ ನನಗೇ ಮಾಡ್ತ್ಯೇ? ನಾನೂ ಅದೇ ಶಾಲೆಲಿ ಕಲ್ತಿದ್ದು ಮಾರಾಯ್ತಿ. ನೀರು ಆಮೇಲೆ. ಎಂತಕ್ಕೆ ಬಂದೆ, ಹೇಳು."

ಚೀಲಕ್ಕೆ ಕೈ ಹಾಕಿದೆ. ಕಾರ್ಡು ಕೈಗೆ ಸಿಕ್ಕಿ ಅರ್ಧ ಹೊರಬಂತು. ಅದನ್ನು ಮತ್ತೆ ಒಳಗೆ ತಳ್ಳಿ ಬಟ್ಟಲು ತೆಗೆದೆ. ಇಪ್ಪತ್ತಾರು ವರ್ಷದ ಹಿಂದೆ ಈ ಅಂಗಳದಲ್ಲಿ ಆಡಬೇಕಿದ್ದ ಮಾತನ್ನೇ ಆಡಿದೆ.

"ಬರೂ ಒಂಬತ್ತನೇ ತಾರೀಖಿಗೆ ನನ್ನ ಮದ್ವೆ. ಮಂಜಗುಣಿಲೇ, ನಮ್ಮ ಮನೆ ಅಂಗಳದಲ್ಲಿ. ನೀನು ಎರಡು ದಿನ ಮೊದ್ಲೇ ಬರ್ಬೇಕು. ನೀನಿಲ್ದೆ ಆಗೂದಿಲ್ಲ."

ಅವಳ ಕೈ ನಿಂತಿತು.

"ನಿನ್ನ ಎದುರು ಬರೂಕೆ ನನಗೆ ಆಗ ಧೈರ್ಯ ಇರ್ಲಿಲ್ಲ ದಮಿ. ನೀನೇ ಜಾಸ್ತಿ ಓದ್ಬೇಕಿತ್ತು."

ದಮಯಂತಿ ಹರವಿದ ಸಿಪ್ಪೆಯನ್ನೇ ನೋಡುತ್ತಿದ್ದಳು. ಅಷ್ಟು ಹೊತ್ತು ನಾನು ಅಂಗಳ ಬಿಡದೆ ನಿಂತೆ.

"ಮುಹೂರ್ತ ಎಷ್ಟೊತ್ತಿಗೆ?" ಎಂದು ಕೇಳಿದಳು.

"ಹನ್ನೊಂದೂ ಇಪ್ಪತ್ತಕ್ಕೆ."

"ಹಸಿರು ಸೀರೆ ತೆಗ್ದಿಟ್ಟಿದ್ದೆ. ಅಂಚು ಹರ್ದ್ಹೋಗಿದೆ ಈಗ." ಮೊಣಕೈಯಿಂದ ಮುಖ ಒರೆಸಿಕೊಂಡಳು. "ಅಡ್ಡಿಲ್ಲ. ಬತ್ತೆ."

ಹಣೆ ಮುಂದೆ ಮಾಡಿದಳು. ಕುಂಕುಮ ಇಟ್ಟೆ. ಎದ್ದು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು. ಕೈ ತೊಳೆಯಲು ಮರೆತಿದ್ದಳು. ಚೊಂಬಿಗೆಲ್ಲ ಮುರುಗಲಿನ ಕೆಂಪು ಹತ್ತಿತ್ತು.

"ಕುಡಿ ಮೊದ್ಲು" ಎಂದಳು. "ಆಮೇಲೆ ಚೀಲದಲ್ಲಿ ಬಚ್ಚಿಟ್ಟದ್ದು ಯಾರ ಮದ್ವೆ ಕಾರ್ಡು, ಹೇಳು."