ದೇಸಾಯರು ಕಾಶಿಗೆ ಹೋದದ್ದು

“ಏಳೋ ಹಲ್ಕಟ್ ಸೂಳಿಮಗನ! ಗಾದಿ ಹೊಲಿ ಅಂದ್ರ ಗಾದಿ ಮ್ಯಾಲೇ ಕೂತಾನ!”

ಪವಮಾನ ದೇಸಾಯರ ಚಪ್ಪಲಿ ನಜೀರಸಾಬನ ಕಿವಿ ಸವರಿಕೊಂಡು ಹೋಯಿತು. ನಜೀರಸಾಬ ನಮ್ಮ ಓಣಿಯ ಪಿಂಜಾರ, ಅರಳೆ ಹಿಂಜಿ ಗಾದಿ ಹೊಲಿಯುವವ. ನಡುವೆ ಹೊಲಿಗೆ ಹಾಕಬೇಕಾದರೆ ಗಾದಿಯ ಮೇಲೆ ಮಂಡಿಯೂರಲೇಬೇಕು. ಗಾಳಿಯಲ್ಲಿ ತೇಲುತ್ತ ಹೊಲಿಯುವ ವಿದ್ಯೆಯನ್ನು ಅವನಪ್ಪ ಕಲಿಸಿರಲಿಲ್ಲ.

“ಮಂಡಿ ಊರೇನ್ರಿ ಧಣಿ, ಕುಂತಿಲ್ಲ.”

“ನೀ ಹೊಲಿಯೂದು ನಾ ಕೂಡ್ಲಿಕ್ಕೆ. ತಿಳೀತೋ?”

ಗದಗ ಬೇರೆ ಜಿಲ್ಲೆಯಾದ ಮರುವರ್ಷದ ಮಾತಿದು. ದೇಸಾಯರ ಆ ಚಪ್ಪಲಿಗೆ ಆಗಲೇ ಒಂದು ಕೇಸು ಅಂಟಿಕೊಂಡಿತ್ತು. ಮುಂಡರಗಿ ಬಸ್ಸಿನಲ್ಲಿ ನಮ್ಮೂರ ಕಸಗುಡಿಸುವ ಗದಿಗೆವ್ವನನ್ನು ತಮ್ಮ ಪಕ್ಕ ಕೂರಿಸಿದನೆಂದು ಕಂಡಕ್ಟರನಿಗೆ ಅದರಿಂದಲೇ ಬಾರಿಸಿದ್ದರು. ಕಂಡಕ್ಟರ ಸರಕಾರಿ ಮನುಷ್ಯ, ನಜೀರಸಾಬನಂತೆ ಕಿವಿ ಒರೆಸಿಕೊಂಡು ಸುಮ್ಮನಾಗಲಿಲ್ಲ. ವರ್ಷಗಟ್ಟಲೆ ಎಳೆದಾಡಿ ಮೇಲಿನ ಕೋರ್ಟೂ ಎರಡು ತಿಂಗಳ ಜೈಲೇ ಸರಿ ಎಂದಿತು.

ಚಪ್ಪಲಿ ಎಸೆದ ಸಂಜೆಯೇ ದೇಸಾಯರು ನಜೀರಸಾಬನನ್ನು ಕರೆಸಿ ಕಪ್ಪುಬಸಿಯಲ್ಲಿ ಚಹಾ ಕೊಟ್ಟರು. ದೊಡ್ಡವರ ಚಹಾ ಪುಕ್ಕಟೆ ಗಂಟಲಲ್ಲಿ ಇಳಿಯುವುದಿಲ್ಲ.

“ನೋಡೋ, ಕೇಸು ಹಳೇದು, ಜಡ್ಜು ಹೊಸಬ. ನನ್ನ ಮಾರಿ ಯಾರಿಗೂ ನೆನಪಿಲ್ಲ. ನನ್ನ ಹೆಸರಿನ ಮ್ಯಾಲೆ ನೀ ಒಳಗ ಹೋಗಿ ಕೂಡು. ವಕೀಲರು ಎಲ್ಲಾ ಜೋಡಿಸ್ಯಾರ.”

“ನಾ ಯಾಕ್ರಿ ಧಣಿ?”

“ನನ್ನ ಹಿತ್ತಲದಾಗ ಗುಡಿಸಲಾ ಹಾಕ್ಕೊಂಡೀಯಲ್ಲ, ಆ ಜಾಗಾ ನಿನ್ನ ಹೇಣ್ತಿ ಹೆಸರಿಗೆ ಬರಸ್ತೀನಿ.”

ದೇಸಾಯರಿಗೆ ಸಿಟ್ಟು ಬಂದಾಗಲೆಲ್ಲ ಆ ಗುಡಿಸಲಿನಿಂದ ರಹಿಮತಬಿಯ ಪಾತ್ರೆಗಳು ರಸ್ತೆಗೆ ಬೀಳುತ್ತಿದ್ದವು. ಗಂಡನ ಮಾತು ಕೇಳಿ ಅವಳು ಅತ್ತಳು, ಬೈದಳು, ಕೊನೆಗೆ ಮೂಗು ಒರೆಸಿಕೊಂಡು ಹೇಳಿದಳು, “ಹೋಗಿ ಬರ್ರಿ. ಒಂದು ಗೂಟಾ ಬಡ್ಯಾಕರ ನಂದಂತ ಜಾಗಾ ಸಿಗ್ಲಿ.”

ಗಡ್ಡ ಬೋಳಿಸಿ, ದೇಸಾಯರ ಹಳೇ ಕೋಟು ತೊಡಿಸಿ, ಧೋತರ ಉಡಿಸಿದರು. ಜನಿವಾರದ ಮಾತು ಬಂದಾಗ ಮಾತ್ರ ದೇಸಾಯರು ಮೋರೆ ಕಿವಿಚಿದರು. “ಅದೇನ್ ದೊಡ್ಡದ್ರಿ, ಅರಳಿ ಹಿಂಜೂ ಕೈ ಐತಿ, ನಾನ ಹೊಸಕೊಂತೀನಿ,” ಎಂದ ನಜೀರಸಾಬ. ಅದು ದೇಸಾಯರದಕ್ಕಿಂತ ಚಲೋ ಬಂತಂತೆ. ದೇಸಾಯರು ಕಾಶಿಗೆ ಹೊರಟರೆಂದು ಊರಲ್ಲಿ ಸುದ್ದಿಯಾಯಿತು. ಅವರು ಹೋದದ್ದು ಬೆಟಗೇರಿಯ ಬೀಗರ ಮನೆಯ ಅಟ್ಟಕ್ಕೆ.

ಜೈಲಿನಲ್ಲಿ ಅಡಿಗೆ ನೋಡಿಕೊಳ್ಳುವ ಪೊಲೀಸ ಹುಲಗಪ್ಪ ಬಲು ದೈವಭಕ್ತ. ಮೊದಲ ದಿನವೇ ನಜೀರಸಾಬನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ನಜೀರಸಾಬನಿಗೆ ಕಚಗುಳಿಯೂ ಆಯಿತು, ಹೆದರಿಕೆಯೂ ಆಯಿತು. ಆ ಮರ್ಯಾದೆಯ ಬೆಲೆ ಏಕಾದಶಿಯಂದು ತಿಳಿಯಿತು. ಎಲ್ಲರ ತಾಟಿಗೂ ರೊಟ್ಟಿ ಬಿತ್ತು, ಅವನಿಗೆ ಮಾತ್ರ ಇಲ್ಲ.

“ನನಗ?”

“ಏಕಾದಶಿ ಅಲ್ರೀ ದೇಸಾಯರ! ನಿಮ್ಮ ವ್ರತಾ ಕೆಡಿಸಿ ನಾ ಯಾವ ನರಕಕ್ಕ ಹೋಗ್ಲಿ?”

ಬೆನ್ನಿಗೇ ರಮಜಾನ ಬಂತು. ನಜೀರಸಾಬ ರೋಜಾ ಬಿಟ್ಟವನಲ್ಲ. ಮಧ್ಯಾಹ್ನದ ರೊಟ್ಟಿಯನ್ನು ಕೋಟಿನಲ್ಲಿ ಮುಚ್ಚಿಟ್ಟು ಹೊತ್ತು ಮುಳುಗಿದ ಮೇಲೆ ತಿನ್ನುತ್ತಿದ್ದ. ಹುಲಗಪ್ಪ ಅದನ್ನು ಕಂಡು ಜೈಲಿಗೆಲ್ಲ ಡಂಗುರ ಹೊಡೆದ: “ಹಗಲೆಲ್ಲಾ ಹನಿ ನೀರು ಮುಟ್ಟಂಗಿಲ್ಲೋ! ಇಂಥಾ ಕಡಕ್ ಬ್ರಾಂಬ್ರನ್ನ ನಾ ನೋಡೇ ಇಲ್ಲ!” ರಮಜಾನಿನ ನಡುವೆ ಏಕಾದಶಿ ಬಂದ ದಿನವಂತೂ ಹೊತ್ತು ಮುಳುಗಿದರೂ ತಿನ್ನಲು ಏನೂ ಇರಲಿಲ್ಲ.

“ಅವನ ಉಪಾಸಾನೂ ನಂದ, ನನ್ನ ರೋಜಾನೂ ನಂದ,” ಎಂದು ನಜೀರಸಾಬ ಗೋಡೆಗೆ ಹೇಳಿದನಂತೆ. “ಆ ಭಾಡ್ಯಾ ಅಟ್ಟದ ಮ್ಯಾಲ ಹೋಳಿಗಿ ಕಡೀತಿರಬೇಕು.”

ಬಿಡುಗಡೆಯ ದಿನ ಹುಲಗಪ್ಪ ಅತ್ತೇಬಿಟ್ಟ. ಅಷ್ಟು ಭಕ್ತಿಯಿಂದ ಉಪವಾಸ ಕೆಡವಿದವನಿಗೆ ಏನಾದರೂ ಅನ್ನಬೇಕಲ್ಲ. “ನಮ್ಮೂರ ಕಡೆ ಬಂದ್ರ ಮನಿಗೆ ಬರ್ರಿ, ಕೂಡಿ ಉಣ್ಣೂಣು,” ಎಂದು ನಜೀರಸಾಬ ಬಾಯಿಮಾತಿಗೆ ಹೇಳಿ ಬಂದ.

ಊರಿಗೆ ಬಂದು ಜಾಗದ ಮಾತೆತ್ತಿದರೆ ದೇಸಾಯರು ಪಂಚಾಂಗದಿಂದ ತಲೆಯನ್ನೇ ಎತ್ತಲಿಲ್ಲ.

“ಯಾವ ಜಾಗಾ? ಸಾಕ್ಷಿ ಯಾರಿದ್ದಾರ? ನಾ ಕಾಶಿಗೆ ಹೋಗಿದ್ದೆ. ನಾಡಿದ್ದ ಗಂಗಾ ಸಮಾರಾಧನಿ ಅದ, ಪಡಸಾಲಿಗೆ ಹೊಸಾ ಗಾದಿ ಹಾಕು. ಅದು ಮುಗದ ಮ್ಯಾಲೆ ಗುಡಿಸಲಾ ಕಿತ್ಕೊಂಡು ನಡಿ. ಅಲ್ಲಿ ಕಾರ್ ನಿಲ್ಲಸಬೇಕಾಗೇದ.”

ಕಾಶಿಗೆ ಹೋಗಿ ಬಂದವರು ಗಂಗೆಯ ಗಿಂಡಿ ಪೂಜಿಸಿ ಊರಿಗೆ ಊಟ ಹಾಕಿಸುವುದು ಪದ್ಧತಿ. ದೇಸಾಯರೂ ಹಾಕಿಸಿದರು. ಗಿಂಡಿಯಲ್ಲಿದ್ದದ್ದು ಬೆಟಗೇರಿಯ ನಳದ ನೀರು. ನಮ್ಮ ಓಣಿಯವರು ಎಂದಿನಂತೆ ಅಂಗಳದ ಗೋಡೆಯ ಹೊರಗೆ, ಉಳಿದದ್ದಕ್ಕೆ ಕಾಯುತ್ತ ನಿಂತಿದ್ದೆವು. ನಜೀರಸಾಬ ಜೈಲಿನ ಗಳಿಕೆಯಾದ ಆ ಹಳೇ ಕೋಟು ಹಾಕಿಕೊಂಡು, ಗಾದಿ ಹಾಸಿ, ಮೆಟ್ಟಿಲ ಕೆಳಗೆ ನಿಂತಿದ್ದ.

ದೇಸಾಯರು ಕೂರಲೆಂದು ಧೋತರ ಎತ್ತಿ ಬಗ್ಗಿದ್ದರು. ಆಗ ಖಾಕಿ ಪ್ಯಾಂಟಿನ ಹುಲಗಪ್ಪ ಬಾಳೆಹಣ್ಣಿನ ಚಿಪ್ಪು ಹಿಡಿದು, ದೇಸಾಯರ ಮನೆ ಕೇಳಿಕೊಂಡು ಅಂಗಳಕ್ಕೆ ಬಂದವನೇ ನಜೀರಸಾಬನ ಕಾಲಿಗೆ ಬಿದ್ದ.

“ದೇಸಾಯರ! ಜೈಲಿನ್ಯಾಗ ಭಾಳ ಸೊರಗಿದ್ರಿ, ಈಗ ಮಾರಿಗೆ ಕಳಿ ಬಂದೈತಿ. ನೀವು ಬಿಟ್ಟು ಬಂದಾಗಿಂದ ಜೈಲು ಬಣಾಬಣಾ ಅಂತೈತ್ರಿ!”

ಪಂಕ್ತಿಯಲ್ಲಿದ್ದವರು ತುತ್ತನ್ನು ಬಾಯಲ್ಲೇ ಇಟ್ಟುಕೊಂಡರು. ದೇಸಾಯರು ಬಾಯಿ ತೆರೆದರು, “ಏಯ್, ದೇಸಾಯಿ ಅಂದ್ರ...”

ನಜೀರಸಾಬ ಮೆಟ್ಟಿಲು ಹತ್ತಿ ಅವರ ಕಿವಿಗೆ ಬಾಯಿ ಹಚ್ಚಿದ. “‘ನಾ’ ಅಂತ ಅನ್ರಿ ಧಣಿ. ಪೊಲೀಸ ಇಲ್ಲೇ ಅದಾನ, ಇಬ್ಬರೂ ಕೂಡೇ ಒಳಗ ಹೋಗೂಣು. ನನಗೇನ, ಅಲ್ಲಿ ರೂಢಿ ಐತಿ. ಅನ್ನಂಗಿಲ್ಲ ಅಂದ್ರ ಗಾದಿ ಬಿಡ್ರಿ.”

ದೇಸಾಯರು ಬಗ್ಗಿದವರು ಬಗ್ಗಿಯೇ ಪಕ್ಕಕ್ಕೆ ಸರಿದರು. ನಜೀರಸಾಬ ಗಾದಿಯ ನಟ್ಟನಡುವೆ ಕುಳಿತ. ಮಂಡಿಯೂರಲಿಲ್ಲ, ಕುಂಡಿಯೂರಿ ಕುಳಿತ. ನಾವೆಲ್ಲ ಗೋಡೆಯ ಹೊರಗೇ ನಿಂತು ಕತ್ತು ಚಾಚಿದೆವು. ಗದಿಗೆವ್ವ ಮಾತ್ರ ಯಾರನ್ನೂ ಕೇಳದೆ ಒಳಗೆ ನಡೆದು ಪಂಕ್ತಿಯ ಖಾಲಿ ಎಲೆಯ ಮುಂದೆ ಕುಳಿತಳು. ದೇಸಾಯರ ಹೆಂಡತಿ ತಾರಾಬಾಯಿ ಸೆರಗನ್ನು ಬಾಯಿಗೊತ್ತಿಕೊಂಡು ಬಂದು ಅವಳಿಗೆ ಅನ್ನ ಬಡಿಸಿದರು. ಅದು ಅಳುವೋ ನಗುವೋ ನಮಗೆ ತಿಳಿಯಲಿಲ್ಲ.

“ಕುಂಡ್ರಿ ಹುಲಗಪ್ಪಾರ,” ಎಂದ ನಜೀರಸಾಬ. “ಇವತ್ತ ಏಕಾದಶಿ ಅಲ್ಲ.”

ಹುಲಗಪ್ಪ ಪಕ್ಕದಲ್ಲಿ ಬಗ್ಗಿ ನಿಂತವರನ್ನು ನೋಡಿದ. “ಇವ್ರು ಯಾರ್ರಿ?”

“ಇವಾ? ನಮ್ಮ ಹಿತ್ತಲದಾಗ ಇರ್ತಾನ್ರಿ.” ನಜೀರಸಾಬ ಲೋಡಿಗೆ ಒರಗಿದ. “ಜಾಗಾ ತನ್ನದು ಅಂತಾನ. ಸಾಕ್ಷಿ ಯಾರದಾರ ಅಂತ ಕೇಳೀನಿ, ಬಾಯಿನ ಬಿಡವಲ್ಲ.”