ವರ್ನೀಸಳ ಬಂಕಿಗೆ ಬಿದ್ದ ಬೀಗ

ನಮ್ಮ ಸೇಜ್ ಫ್ಲ್ಯಾಟ್ ಊರಿನಲ್ಲಿ ಇದ್ದದ್ದು ಒಂದೇ ಪೆಟ್ರೋಲ್ ಬಂಕು. ಅದು ಬಿಟ್ಟರೆ ಎಪ್ಪತ್ತು ಮೈಲಿ ಹೋಗಬೇಕು. ನಡೆಸುತ್ತಿದ್ದವಳು ವರ್ನೀಸ್ ಟಾಲಿವರ್. ನಾನು ಶಾಲೆಯ ಬಸ್ಸು ಓಡಿಸುವವನು, ದಿನಾ ಅವಳ ಕಾಫಿ ಕುಡಿದೇ ಹೊರಡುತ್ತಿದ್ದೆ.

ನೆಲದಡಿಯ ಒಂದೇ ಪದರದ ಹಳೇ ಟ್ಯಾಂಕುಗಳು ಸೋರುತ್ತವೆ, ಅವನ್ನು ಗಡುವಿನೊಳಗೆ ಕಿತ್ತು ಹೊಸದು ಹೂಳಬೇಕೆಂದು ರಾಜ್ಯದ ಆಜ್ಞೆ ಬಂತು. ಸಣ್ಣ ಬಂಕುಗಳಿಗೆ ಸರ್ಕಾರದ ನಿಧಿಯಿಂದ ಸಾಲ ಸಿಗುತ್ತದೆ ಎಂದರು. ವರ್ನೀಸ್ ಮೊದಲ ವಾರವೇ ಅರ್ಜಿ ಹಾಕಿದಳು. ಎರಡು ವರ್ಷ ಅವರು ಕೇಳಿದ್ದೆಲ್ಲ ಕಳಿಸಿದಳು. ಜಾಗದ ನಕ್ಷೆ, ಮಣ್ಣಿನ ಪರೀಕ್ಷೆ, ತೀರಿಕೊಂಡ ಗಂಡನ ಮರಣ ಪ್ರಮಾಣಪತ್ರ. ಅದನ್ನಂತೂ ಮೂರು ಸಲ. ಅಕ್ಟೋಬರಿನಲ್ಲಿ ಉತ್ತರ ಬಂತು: ಯೋಜನೆ ಗುರಿ ಮುಟ್ಟಿರುವುದರಿಂದ ನಿಧಿಯನ್ನು ಮುಚ್ಚಲಾಗುತ್ತಿದೆ. ಡಿಸೆಂಬರಿನ ಗಡುವು ಮಾತ್ರ ಹಾಗೇ ಇತ್ತು.

"ಗುರಿ ಮುಟ್ಟಿತಂತೆ ಓರಿನ್! ಯಾರ ತಲೆಗೆ ಗುರಿ ಇಟ್ಟಿದ್ರು ಅಂತ ಈಗ ಗೊತ್ತಾಯ್ತು," ಎಂದು ಕಾಗದವನ್ನು ನನ್ನ ಮುಂದೆ ಬಡಿದಳು.

ಜನವರಿಯಲ್ಲಿ ಡೆಲ್ಮರ್ ಕ್ವಿಸ್ಟ್ ಎಂಬ ಇನ್‌ಸ್ಪೆಕ್ಟರ್ ಬಂದು ಪಂಪುಗಳಿಗೆ ಬೀಗ ಜಡಿದು ಕೆಂಪು ಚೀಟಿ ಕಟ್ಟಿದ. ಆಮೇಲೆ ತನ್ನ ಗಾಡಿಯ ಪೆಟ್ರೋಲ್ ಮುಳ್ಳು ನೋಡಿಕೊಂಡು ಒಳಗೆ ಬಂದ.

"ಮೇಡಂ, ಒಂದೈದು ಗ್ಯಾಲನ್ ಸಿಕ್ಕಿದ್ರೆ..."

"ಬೀಗ ನಿಂದೇ ಅಲ್ವಾ? ತೆಗಿ."

"ತೆಗೆದ್ರೆ ನನ್ನ ಕೆಲಸ ಹೋಗತ್ತೆ."

"ನಂದು ಹೋಯ್ತಲ್ಲಪ್ಪ. ಜೊತೆಗೆ ನೀನೂ ಬಾ."

ಅವನು ಮೂಲೆಯ ಕುರ್ಚಿಯಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಡೀಸೆಲ್ ತುಂಬಿಸಲು ಆಂಬುಲೆನ್ಸ್ ಬಂತು. ಒಳಗೆ ಡಯಾಲಿಸಿಸ್‌ಗೆ ಹೊರಟಿದ್ದ ಮುದುಕಿ. ಬೀಗ ಕಂಡು ಚಾಲಕನ ಮುಖ ಬಿಳಿಚಿತು. ವರ್ನೀಸ್ ಹೊರಗೆ ಓಡಿದಳು. ಹಿಮದಲ್ಲಿ ಮಂಡಿಯೂರಿ, ತನ್ನ ಸ್ವಂತ ಟ್ರಕ್ಕಿನಿಂದ ಕೊಳವೆಯಲ್ಲಿ ಡೀಸೆಲ್ ಎಳೆದು ಅವರ ಗಾಡಿಗೆ ಸುರಿದಳು. ಒಳಗೆ ಬಂದು ಖಾಲಿ ಕೊಳವೆಯನ್ನು ಕ್ವಿಸ್ಟನ ಮುಂದೆ ಇಟ್ಟಳು.

ಕ್ವಿಸ್ಟ್ ತಲೆ ತಗ್ಗಿಸಿದ. "ನಿಮ್ಮ ಅರ್ಜಿ ನಂಗೊತ್ತು. ಪಟ್ಟೀಲಿ ಮೊದಲನೇದು. ನಿಧೀಲಿ ದುಡ್ಡೂ ಇತ್ತು. ಸಹಿ ಹಾಕೋ ಅಧಿಕಾರಿ ನಿವೃತ್ತರಾದ್ರು. ಆ ಜಾಗಕ್ಕೆ ಯಾರನ್ನೂ ಹಾಕ್ಲಿಲ್ಲ."

"ಬರ್ದು ಕೊಡು."

ಅವನು ಪೆನ್ನು ತೆಗೆದು ಮತ್ತೆ ಜೇಬಿಗೆ ಹಾಕಿಕೊಂಡ.

"ಬೀಗ ಹಾಕೋಕೆ ಕೈ ಬಂತು, ನಿಜ ಬರೆಯೋಕೆ ಬರಲ್ವಾ?"

ತನ್ನ ತಪಾಸಣೆಯ ಹಾಳೆಯ ಹಿಂದೆಯೇ ಬರೆದು ಸಹಿ ಹಾಕಿದ. ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಮನೆಯಲ್ಲಿಟ್ಟಿದ್ದ ಪೆಟ್ರೋಲ್ ಡಬ್ಬಿ ತಂದು ನಾನೇ ಅವನನ್ನು ಕಳಿಸಿದೆ.

ಮಾರ್ಚಿನಲ್ಲಿ ರಾಜಧಾನಿಯಲ್ಲಿ ನಿಧಿಯ ಕೊನೆಯ ಸಭೆ. ವರ್ನೀಸ್ ಆ ಹಾಳೆಯನ್ನು ಗಟ್ಟಿಯಾಗಿ ಓದಿದಳು. ಅಧ್ಯಕ್ಷರು, "ನಿಮ್ಮ ಎರಡು ನಿಮಿಷ ಮುಗೀತು," ಎಂದರು.

"ನನ್ನ ಎರಡು ವರ್ಷಾನೇ ಮುಗೀತು. ನಾನು ಕೂರಲ್ಲ."

ಕಾವಲಿನವರು ತೋಳು ಹಿಡಿದು ಹೊರಗೆ ಕರೆದೊಯ್ಯುವವರೆಗೂ ನಿಂತೇ ಇದ್ದಳು. ಪತ್ರಿಕೆಗಳಲ್ಲಿ ಫೋಟೋ ಬಂತು. ಆ ಗದ್ದಲಕ್ಕೆ ಮಣಿದು ನಿಧಿಯನ್ನು ಮತ್ತೆ ತೆರೆದರು. ಜೂನಿನಲ್ಲಿ, ಇನ್ನೂ ಬೀಗ ಬೀಳದೆ ಕಾಯುತ್ತಿದ್ದ ಹದಿನಾಲ್ಕು ಬಂಕುಗಳಿಗೆ ಸಾಲ ಸಿಕ್ಕಿತು. ವರ್ನೀಸಳಿಗೆ ಸಿಗಲಿಲ್ಲ. ಐದು ತಿಂಗಳಿಂದ ವ್ಯಾಪಾರ ನಡೆಸದ ಬಂಕು ಸಾಲಕ್ಕೆ ಅರ್ಹವಲ್ಲವಂತೆ. ಕ್ವಿಸ್ಟನನ್ನು ಯಾವುದೋ ಉಗ್ರಾಣಕ್ಕೆ ವರ್ಗ ಮಾಡಿದರು.

ಅವಳು ಕೋರ್ಟಿಗೆ ಹೋಗಿದ್ದಾಳೆ. "ಗೆಲ್ತೀಯಾ?" ಎಂದು ಕೇಳಿದೆ.

"ಗೆಲ್ಲೋದು ಬಿಡೋದು ಆಮೇಲೆ," ಎಂದಳು. "ಕಾಗದದಲ್ಲಿ ಇಲ್ಲ ಅಂದ್ರಲ್ಲ, ನನ್ನ ಮುಖ ನೋಡ್ಕೊಂಡು ಒಂದ್ಸಲ ಇಲ್ಲ ಅನ್ಲಿ."